ಭುಕ್ತಶೇಷ ಮೀಮಾಂಸೆ: ಬಾರಾಮತಿ ಕಾಂಡ

ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂಬ ಬಗ್ಗೆ ಇದುವರೆಗೆ ನಡೆದ ಸಂಶೋಧನೆಯೆಲ್ಲ ರಾಜ್ಯಶಾಸ್ತ್ರ ವಿಭಾಗದ ಪಾಲಾಗಿದೆ. ಹುಲ್ಲು, ಚಿಂಕಾರ, ತೋಳ, ಗೆದ್ದಲು ಇವಕ್ಕೆ ಮತವಿಲ್ಲ ಎಂಬ ಒಂದೇ ಕಾರಣಕ್ಕೆ ವಿದ್ವಾಂಸರು ಇವನ್ನು ಮೂಸಿಯೂ ನೋಡಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಘನೋದ್ದೇಶ.

ನಮ್ಮ ಪ್ರಯೋಗಶಾಲೆ ತಾಲ್ಲೂಕಿನ ಸುಪೆ ಬಳಿಯ ಮಯೂರೇಶ್ವರ ವನ್ಯಜೀವಿಧಾಮ. ವಿಸ್ತೀರ್ಣ 5.14 ಚದರ ಕಿ.ಮೀ. ಇಷ್ಟು ಸಣ್ಣ ಬಯಲಿಗೆ ಅಷ್ಟು ದೊಡ್ಡ ಸಿದ್ಧಾಂತವೇ ಎಂದು ಹುಬ್ಬೇರಿಸುವವರು ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್‌ನನ್ನು ನೆನೆಯಲಿ. ಅವನು ಅಮೆರಿಕದ ಮಿನೆಸೋಟದ ಒಂದು ಪುಟ್ಟ ಜೌಗು ಕೆರೆಯ ದಡದಲ್ಲಿ ಕೂತು, ಇಡೀ ಜಗತ್ತಿನ ಅನ್ನದ ಲೆಕ್ಕ ಬರೆದ. ಪರಿಶೀಲಕರಿಬ್ಬರು ಬೇಡವೆಂದ ಆ ಬರಹ ಕೊನೆಗೆ 1942ರಲ್ಲಿ ಅಚ್ಚಾಯಿತು. ನೋಡಲು ಅವನೇ ಇರಲಿಲ್ಲ. (ಹಿಂದಿರುಗಿ ಬಂದ ನನ್ನ ಲೇಖನಗಳನ್ನೂ ನಾನು ಇದೇ ಕಾರಣಕ್ಕೆ ಜೋಪಾನವಾಗಿ ಇಟ್ಟಿದ್ದೇನೆ.)

ಪ್ರಥಮ ಸೂತ್ರ: ಮೇಲಿನವನಿಗೆ ಹತ್ತರಲ್ಲೊಂದು. ಸುಪೆಯ ಹುಲ್ಲು ಬಿಸಿಲಿನಲ್ಲಿ ನೂರಕ್ಕೊಂದು ಪಾಲು ಹಿಡಿದರೆ ದೊಡ್ಡದು. ಹುಲ್ಲಿನದರಲ್ಲಿ ಸುಮಾರು ಹತ್ತನೇ ಒಂದು ಚಿಂಕಾರಕ್ಕೆ, ಚಿಂಕಾರದ್ದರಲ್ಲಿ ಹತ್ತನೇ ಒಂದು ತೋಳಕ್ಕೆ. ದಿಲ್ಲಿ ಬಿಟ್ಟ ರೂಪಾಯಿಯಲ್ಲಿ ಬಡವನಿಗೆ ಮುಟ್ಟುವುದು 15 ಪೈಸೆ ಎಂದು 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದರು. ಅಂದರೆ ಸರ್ಕಾರ ಪ್ರಕೃತಿಗಿಂತ 5 ಪೈಸೆ ದಕ್ಷ! ಈ ಮಹಾಶೋಧಕ್ಕೆ ಸಣ್ಣದೊಂದು ಅಡ್ಡಿಯಿದೆ. ಲಿಂಡೆಮನ್ನನ ಕೆರೆಯಲ್ಲಿ ಸಸ್ಯ ತಿನ್ನುವವರಿಗೆ ಸಿಕ್ಕಿದ್ದು ಶೇ. 13.3, ಅವರನ್ನು ತಿನ್ನುವವರಿಗೆ ಶೇ. 22.3. ಹತ್ತು ಎಂಬುದು ದುಂಡು ಸಂಖ್ಯೆಗೆ ಮರುಳಾದ ಪಠ್ಯಪುಸ್ತಕಗಳ ಕೊಡುಗೆ. ದುಂಡಗಿದ್ದದ್ದು ಪರೀಕ್ಷೆಗೂ ಬರುತ್ತದೆ.

ಉಳಿದ ತೊಂಬತ್ತು ಯಾರ ಜೇಬಿಗೆ? ತನಿಖೆಗೆ ಹೊರಟರೆ ಸಿಗುವುದು ಚಿಂಕಾರದ ಓಟ, ಮೈಬಿಸಿ, ಮತ್ತು ಹಿಕ್ಕೆ. ಬಿಸಿ ಬಾನಿಗೆ ಹೋದದ್ದು ಹೋಯಿತು, ಯಾವ ನೋಟೀಸಿಗೂ ಮರಳದು. ಹಿಕ್ಕೆ ಮಾತ್ರ ಊರು ಬಿಡುವುದಿಲ್ಲ: ಸಗಣಿ ಹುಳು ಉರುಳಿಸುತ್ತದೆ, ಗೆದ್ದಲು ಹೂಳುತ್ತದೆ, ಮಳೆ ಬಿದ್ದರೆ ಅದೇ ರಂಜಕ ಮತ್ತೆ ಹುಲ್ಲಾಗಿ ತಲೆಯೆತ್ತುತ್ತದೆ.

ಪೂರ್ವಪಕ್ಷ: “ಹುಲ್ಲಿನ ಕತೆ ಬಿಡಿ, ಬಾರಾಮತಿಯೆಂದರೆ ಕಬ್ಬು.” ಒಪ್ಪಿದೆ. 1885ರ ನೀರಾ ಎಡದಂಡೆ ಕಾಲುವೆ, ಸೋಮೇಶ್ವರ ಮತ್ತು ಮಾಳೆಗಾಂವ್ ಸಹಕಾರಿ ಕಾರ್ಖಾನೆಗಳು ಯಾರಿಗೆ ಗೊತ್ತಿಲ್ಲ? ಆದರೆ ಸಕ್ಕರೆಯ ಅಣುವಿನಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಬಿಟ್ಟು ಬೇರೇನಿದೆ? ಸಾರಜನಕವಿಲ್ಲ, ರಂಜಕವಿಲ್ಲ, ಪೊಟ್ಯಾಸಿಯಂ ಇಲ್ಲ. ಹೀಗಾಗಿ ಬಾರಾಮತಿ ಚೀಲ ಕಟ್ಟಿ ತೂಗಿ ಮಾರುವುದು ಗಾಳಿ, ನೀರು ಮತ್ತು ಬಿಸಿಲನ್ನು. ಮಣ್ಣಿನ ಸತ್ತ್ವವೆಲ್ಲ ಕಾರ್ಖಾನೆಯ ಮಡ್ಡಿ, ಕಾಕಂಬಿ, ಬೂದಿಯಲ್ಲೇ ಉಳಿಯಿತು. ಇಂಥ ವ್ಯಾಪಾರ ಕುಬೇರನಿಗೂ ಹೊಳೆದಿರಲಿಲ್ಲ.

“ಹಾಗಾದರೆ ನಾನು ವರ್ಷವೂ ಯೂರಿಯಾ ಚೀಲ ಯಾಕೆ ಹೊರಬೇಕು?” ಎಂದು ರೈತನೊಬ್ಬ ಕೇಳಿದರೆ ಪ್ರಬಂಧಕಾರ ಕನ್ನಡಕ ಒರೆಸಿಕೊಳ್ಳತಕ್ಕದ್ದು. ಮಡ್ಡಿ ಕಾರ್ಖಾನೆಯಿಂದ ಎಲ್ಲ ಹೊಲಕ್ಕೂ ತಾನೇ ನಡೆದು ಬರುವುದಿಲ್ಲ. ಇನ್ನು ಕಟಾವಾದ ಮೇಲೆ ರವದಿಗೆ ಬೆಂಕಿಯಿಟ್ಟರೆ ಅದರ ಸಾರಜನಕ ಬಹುಪಾಲು ಹೊಗೆ. ನೀರು ಹೆಚ್ಚು ಹಾಯಿಸಿದರೆ ಚೀಲದ್ದೂ ಬೇರು ದಾಟಿ ಬಸಿಯುತ್ತದೆ, ಹಳ್ಳ ಸೇರುತ್ತದೆ, ನೀರೆ ನದಿ ಸೇರುತ್ತದೆ.

ನೀರೆ ನರಸಿಂಗಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ, ಭೀಮೆ ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರಗಳ ಕಡೆ ಬರುತ್ತಾಳೆ. ಗಡಿ ವಿವಾದದ 1967ರ ಮಹಾಜನ ವರದಿಯನ್ನು ಓದಿರದ ಬಾರಾಮತಿಯ ಸಾರಜನಕ ಹೀಗೆ ಗಡಿ ದಾಟಿ ಕನ್ನಡದ ಕಬ್ಬಿನ ಬುಡಕ್ಕೂ ಬರಬಹುದು. ಇದಕ್ಕೆ ಅಫಜಲಪುರದ ರೈತ ಗೊಬ್ಬರದಂಗಡಿಯಲ್ಲಿ ರಿಯಾಯಿತಿ ಕೇಳಬಹುದೇ, ಬಾರಾಮತಿಯವರು ಬಾಕಿ ವಸೂಲಿಗೆ ನ್ಯಾಯಮಂಡಳಿಗೆ ಹೋಗಬಹುದೇ ಎಂಬುದು ಎರಡನೇ ಸಂಪುಟದ ವಿಷಯ. ಅದಕ್ಕೆ ಅನುದಾನ ಕೊಡುವ ಮಹನೀಯರು ಹಣವನ್ನು ನೇರ ಲೇಖಕನ ಖಾತೆಗೇ ಹಾಕಬೇಕು. ನಡುವೆ ಯಾವ ಚಿಂಕಾರವೂ ಬೇಡ.