ಸ್ವಯಂ-ವೀರಗಲ್ಲು: ವಾಯುಸೈನಿಕನ ಬಯೋಡೇಟಾ ಮೀಮಾಂಸೆ

ವೀರಗಲ್ಲೆಂಬುದು ಮಡಿದವನಿಗಾಗಿ ಉಳಿದವರು ನಿಲ್ಲಿಸುವ ಶಿಲೆಯೆಂದೇ ಶಾಸನಜ್ಞರು ಇದುವರೆಗೆ ನಂಬಿಕೊಂಡು ಬಂದಿರುವರು. ವಾಯುಪಡೆಯಿಂದ ನಿವೃತ್ತನಾಗಿ ನಾಗರಿಕ ವಿಮಾನಸಂಸ್ಥೆಯ ಹೊಸ್ತಿಲಲ್ಲಿ ನಿಂತ ವೈಮಾನಿಕನು, ಇನ್ನೂ ಉಸಿರಾಡುತ್ತಿರುವಾಗಲೇ ತನ್ನ ಕಲ್ಲನ್ನು ತಾನೇ ಕಡೆದು, ಎರಡು ಪುಟಕ್ಕೆ ಮೀರದಂತೆ ಅಚ್ಚು ಹಾಕಿಸಿ ಒಪ್ಪಿಸಬೇಕಾದ ಇನ್ನೊಂದು ಪ್ರಭೇದವೂ ಉಂಟೆಂದು ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ಲೋಕರೂಢಿಯಲ್ಲಿ ಇದಕ್ಕೆ ಬಯೋಡೇಟಾ ಎನ್ನುವರು.

ವೀರಗಲ್ಲಿನಂತೆ ಇದಕ್ಕೂ ಮೂರು ಅಂತಸ್ತುಗಳು: ಕೆಳಗೆ ಯುದ್ಧ, ನಡುವೆ ಆರೋಹಣ, ಮೇಲೆ ಕೈಲಾಸ, ಅರ್ಥಾತ್ ಸಂಬಳ. ಹಳೆಯ ಕಲ್ಲಿನಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ; ಇಲ್ಲಿಯಾದರೋ ವಿಮಾನವನ್ನು ವೀರನೇ ನಡೆಸತಕ್ಕದ್ದು, ಬೆನ್ನ ಹಿಂದೆ 180 ಮಂದಿ ಕಾಫಿ ಯಾವಾಗ ಬರುವುದೆಂದು ಕಾಯುತ್ತಿರುತ್ತಾರೆ.

ಕೆಳ ಅಂತಸ್ತಿನಲ್ಲಿ ಬರೆಯಲು ವಿಷಯ ಹೇರಳ, ಬರೆಯಲು ಅನುಮತಿ ವಿರಳ. ಗುಡ್ಡದ ಮರೆ ಹಿಡಿದು ರೇಡಾರಿನ ಕಣ್ತಪ್ಪಿಸಿ ಹಾರುವ ವಿದ್ಯೆಗೆ ಸ್ಕ್ವಾಡ್ರನ್ನಿನಲ್ಲಿ ಬೆನ್ನು ತಟ್ಟುವರು. ಪ್ರಯಾಣಿಕರ ಸಮೇತ ಅದನ್ನೇ ಮಾಡಿದವನ ಲೈಸೆನ್ಸು ಕಸಿಯುವರು. ಆದುದರಿಂದ ಪ್ರಾಜ್ಞನು ಅಪಹ್ನುತಿ ಅಲಂಕಾರವನ್ನು ಆಶ್ರಯಿಸಿ, ‘ಭೂಲಕ್ಷಣಗಳ ನಿಕಟ ಪರಿಚಯವುಳ್ಳವನು’ ಎಂದು ಬರೆಯತಕ್ಕದ್ದು.

ನಡುವಣ ಅಂತಸ್ತಿನಲ್ಲಿ ಕಾವ್ಯವು ಮುಗಿದು ಗಣಿತವು ಆರಂಭವಾಗುತ್ತದೆ. ಭಾರತದಲ್ಲಿ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ, ಕಮಾಂಡರನಾಗಲು ಬೇಕಾದ ಏರ್‌ಲೈನ್ ಲೈಸೆನ್ಸಿಗೆ 1,500 ಗಂಟೆ ಹಾರಿರಬೇಕೆಂಬುದು ವಿಧಿ. ಯಲಹಂಕದಲ್ಲಿ ತರಬೇತಿ ಪಡೆದು ಸಾಗಣೆ ವಿಮಾನ ಹಿಡಿದವನಿಗೆ ಗಂಟೆಗಳು ಮಾಗಿದ ಹಣ್ಣಿನಂತೆ ತಾವಾಗಿಯೇ ಉದುರುತ್ತವೆ. ಬೀದರಿನಲ್ಲಿ ಹಾಕ್ ತರಬೇತಿ ಜೆಟ್ಟಿನ ಮೇಲೆ ಕಲಿತು ಕಾಳಗದ ವಿಮಾನಕ್ಕೆ ಹೋದವನ ಗತಿ ಬೇರೆ. ಶಬ್ದವನ್ನು ಹಿಂದೆ ಹಾಕಿದ ಆ ಮಹಾಶಯನ ಒಂದು ಸಾರ್ಟಿ, ಅಂದರೆ ಹಾರಾಟ, ಎಷ್ಟೋ ಸಲ ನಲವತ್ತು ನಿಮಿಷಕ್ಕೇ ಮುಗಿಯುವುದರಿಂದ, ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ಮರಳಿದ, ಯಾವ ಶತ್ರುವನ್ನೂ ಕಾಣದ ಪೈಲಟ್ಟನು ಒಂದು ದಿನದಲ್ಲಿ ಗಳಿಸುವುದನ್ನು ಇವನು ಎಂಟು ಸಲ ಹಾರಿ ಗಳಿಸಬೇಕು. ವೇಗವಾಗಿ ಹೋದವನೇ ಹಿಂದೆ ಬಿದ್ದನೆಂಬ ಈ ವಿರೋಧಾಭಾಸಕ್ಕೆ ಆಲಂಕಾರಿಕರು ಉದಾಹರಣೆ ಹುಡುಕಿ ಬಳಲಬೇಕಾಗಿಲ್ಲ.

ಮೇಲಣ ಅಂತಸ್ತಿನಲ್ಲಿ ಸಂಬಳದ ಜೊತೆಗೇ ಬರುವ ಪದವಿಯ ವಿಚಾರ ಸಂಕ್ಷೇಪವಾಗಿ. ವಾಯುಪಡೆಯ ವಿಂಗ್ ಕಮಾಂಡರನಿಗೆ ಹೆಗಲ ಮೇಲೆ ಮೂರು ಪಟ್ಟಿ. ವಿಮಾನಸಂಸ್ಥೆಗಳ ರೂಢಿಯಲ್ಲಿ ಫಸ್ಟ್ ಆಫೀಸರನಿಗೂ ಮೂರೇ. ಎಡಗಡೆಯ ಆಸನದಲ್ಲಿ ನಾಲ್ಕು ಪಟ್ಟಿ ಧರಿಸಿ ಕುಳಿತ, ಮಗನ ವಯಸ್ಸಿನ ಕ್ಯಾಪ್ಟನ್ನನಿಗೆ ‘ಸರ್’ ಎನ್ನುವಾಗ ಆ ಸಮಾನತೆ ಎಷ್ಟು ಸಮಾಧಾನ ಕೊಟ್ಟೀತೋ ನಾನರಿಯೆ.

ಇನ್ನು ಪಾಠಾಂತರಗಳ ಪ್ರಶ್ನೆ. ನಾನು ಪರಿಶೀಲಿಸಿದ ಒಂದು ಪ್ರತಿಯಲ್ಲಿ ಏರಿದ ಸಂಖ್ಯೆಗಿಂತ ಇಳಿದ ಸಂಖ್ಯೆ ಒಂದು ಕಡಮೆಯಿತ್ತು. ಲಿಪಿಕಾರನ ಪ್ರಮಾದವೆಂದು ಬಗೆದು ತಿದ್ದಹೊರಟ ನನ್ನನ್ನು ಕರ್ತೃವೇ ತಡೆದು, ಪಾಠವು ಶುದ್ಧವಾಗಿದೆಯೆಂದೂ, ತಾನು ಆ ದಿನ ಪ್ಯಾರಾಚೂಟಿನಲ್ಲಿ ಬಂದುದರಿಂದ ಆ ಇಳಿತವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದೂ ವಿನಯದಿಂದ ಅರಿಕೆ ಮಾಡಿದನು. ಸಂದರ್ಶನದಲ್ಲಿಯೂ ಇದೇ ಪ್ರಶ್ನೆ ಬಂದಿತಂತೆ.

“ಹಾಗಾದರೆ ವಿಮಾನ ಇಳಿಯಲೇ ಇಲ್ಲವೇ?”

“ಇಳಿಯಿತು ಸ್ವಾಮಿ, ನನಗಿಂತ ಮುಂಚೆಯೇ.”