12 ವೋಲ್ಟಿನ ಷಡ್ಡಕ

ನಮ್ಮ ಷಡ್ಡಕ ಕಾರು ಹತ್ತಿದವನೇ ಸಿಗರೇಟು ಹಚ್ಚುವ ತೂತನ್ನು ತಡಕುತ್ತಾನೆ. ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆ ತೂತಿಗೆ ಇನ್ವರ್ಟರಿನ ಮೂತಿ ಚುಚ್ಚಿ, ಹಸಿರು ದೀಪ ಹತ್ತಿ, ಒಳಗಿನ ಪುಟ್ಟ ಫ್ಯಾನು ಗುಂಯ್ ಎಂದಮೇಲೆಯೇ ಅವನ ಮುಖಕ್ಕೆ ಕಳೆ. ಬೆಂಗಳೂರಿನಲ್ಲಿ ಇಂಥವರು ಈಗ ಮನೆಗೊಬ್ಬರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನೊಳಗೆ ಇಣುಕಿ ನೋಡಿ, ನೀಲಿ ಬೆಳಕಿಗೆ ಮುಖ ಒಡ್ಡಿಕೊಂಡು ಒಬ್ಬ ಕೂತಿರುತ್ತಾನೆ. ರಜೆ ಕೇಳುವ ಧೈರ್ಯವಿಲ್ಲ. ಹೆಂಡತಿಯ ಕಡೆಯ ಕಾರ್ಯ ತಪ್ಪಿಸುವ ಧೈರ್ಯವಂತೂ ಇಲ್ಲವೇ ಇಲ್ಲ. ಎರಡರ ನಡುವೆ ದೇವರು ಕರುಣಿಸಿದ್ದು ಈ ತೂತು.

ಭಾನುವಾರ ದಾವಣಗೆರೆಯಲ್ಲಿ ಗೃಹಪ್ರವೇಶ. ಶುಕ್ರವಾರವೇ ಹೊರಟೆವು. ಕಾರು ಅವನದು, ಓಡಿಸುವವಳು ನಾದಿನಿ. ಹಿಂದೆ ನಾನು, ನನ್ನ ಹೆಂಡತಿ, ನಡುವೆ ಅತ್ತೆ. ಅತ್ತೆಯ ತೊಡೆಯ ಮೇಲೆ ಉಡುಗೊರೆಯ ಹಿತ್ತಾಳೆ ಹರಿವಾಣ.

"ಅಲ್ಲ ಅಳಿಯಂದ್ರೇ, ಇದರಲ್ಲಿ ಮಿಕ್ಸಿ ತಿರುಗುತ್ತಾ?" ಎಂದರು ಅತ್ತೆ, ನೆಲಮಂಗಲದ ಟೋಲ್ ಬಳಿ.

ಕೇಳಬಾರದಿತ್ತು. ತೂತಿನ ಫ್ಯೂಸು 10 ಆಂಪಿಯರಿನದು, 12 ವೋಲ್ಟಿನಿಂದ ಗುಣಿಸಿದರೆ 120 ವ್ಯಾಟ್, ಲ್ಯಾಪ್‌ಟಾಪಿಗೆ 90 ಸಾಕು, ಮಿಕ್ಸಿಗಾದರೆ 750 ಬೇಕು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ತುಮಕೂರು ಬಂತು. ಜೇಬಿನಿಂದ ಅಡಕೆ ಡಬ್ಬಿ ತೆಗೆದು ತೋರಿಸಿದ. ಒಳಗೆ ಅಡಕೆಯ ಬದಲು ಫ್ಯೂಸುಗಳು: ಕೆಂಪಿನದು 10, ನೀಲಿಯದು 15. "ಹಾಗಾದ್ರೆ ಚಟ್ನಿ ಆಗಲ್ಲ ಅನ್ನಿ" ಎಂದು ಅತ್ತೆ ಕಣ್ಣು ಮುಚ್ಚಿದರು.

ನನಗೂ ಒಂದು ಅನುಮಾನವಿತ್ತು. ಬ್ಯಾಟರಿಯದು 12 ವೋಲ್ಟು, ಲ್ಯಾಪ್‌ಟಾಪಿಗೆ ಬೇಕಾದದ್ದು 19. ಅಷ್ಟಕ್ಕೆ 230ಕ್ಕೆ ಏರಿಸಿ ಮತ್ತೆ ಇಳಿಸುವುದೆಂದರೆ ದಾವಣಗೆರೆಯಿಂದ ಹರಿಹರಕ್ಕೆ ಬೆಂಗಳೂರಿನ ಮೇಲೆ ಹೋದ ಹಾಗಲ್ಲವೇ? "ಹಾಗೇ ಭಾವ" ಎಂದು ನಿಟ್ಟುಸಿರಿಟ್ಟ. "ಟೈಪ್-ಸಿ ಆಗಿದ್ದರೆ ನೇರ ಹೋಗಬಹುದಿತ್ತು. ಆಫೀಸಿನವರು ಕೊಟ್ಟದ್ದು ಹಳೇ ಗುಂಡುಪಿನ್ನಿನದು." ಸುತ್ತುದಾರಿಯಲ್ಲಿ ಸೋರಿದ ಕರೆಂಟೆಲ್ಲ ಬಿಸಿಯಾಗಿ ಇನ್ವರ್ಟರು ಇಸ್ತ್ರಿಪೆಟ್ಟಿಗೆಯಂತಾಗಿತ್ತು.

ಹಂಪು ಬಂದಾಗಲೆಲ್ಲ ಮೂತಿ ಸಡಿಲವಾಗಿ ಹಸಿರು ದೀಪ ಆರುತ್ತಿತ್ತು. "ಮೆಲ್ಲಗೆ ಹತ್ತಿಸೇ!" ಎಂದು ಅವನ ಕೂಗು. ಕೊನೆಗೆ ಗೃಹಪ್ರವೇಶದ ಕರೆಯೋಲೆಯನ್ನೇ ನಾಲ್ಕಾಗಿ ಮಡಿಸಿ ಇನ್ವರ್ಟರಿನ ಕೆಳಗೆ ಬೆಣೆ ಕೊಟ್ಟ. ಹೊಸ ಮನೆಯ ವಿಳಾಸ ಅದರಲ್ಲೇ ಇತ್ತು.

ಹಿರಿಯೂರಿನಲ್ಲಿ ಊಟಕ್ಕೆ ಇಳಿದೆವು. ಅವನು ಇಳಿಯಲಿಲ್ಲ. "ಒಂದು ಕಾಲ್ ಇದೆ, ನೀವು ತಿಂದು ಬನ್ನಿ." ಎಂಜಿನ್ ನಿಂತಿತ್ತು, ಕೀಲಿ ಮಾತ್ರ ತಿರುಗಿಸಿಯೇ ಇತ್ತು, ಸೆಕೆಗೆ ಬ್ಲೋವರು ಜೋರಾಗಿ ಓಡುತ್ತಿತ್ತು. ಎಂಜಿನ್ ತಿರುಗದೆ ಆಲ್ಟರ್ನೇಟರ್ ತಿರುಗದು, ಅದು ತಿರುಗದೆ ಬ್ಯಾಟರಿ ತುಂಬದು ಎಂದು ಸಿರಾದಲ್ಲಿ ನಮಗೆ ಪಾಠ ಹೇಳಿದವನೂ ಇವನೇ. ಬ್ಯಾಟರಿಗೂ ನಾಲ್ಕು ವರ್ಷ ತುಂಬಿತ್ತು. ನಾವು ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡೆವು.

ಬಂದು ಕೀಲಿ ತಿರುಗಿಸಿದರೆ ಕಟ ಕಟ ಕಟ.

ಪಕ್ಕದ ಲಾರಿಯ ಡ್ರೈವರನ್ನು ಕೇಳಿದೆ. "ನಮ್ದು 24 ವೋಲ್ಟು ಸಾ, ಕೊಟ್ರೆ ನಿಮ್ ಗಾಡಿ ಸುಟ್ಟೋಯ್ತದೆ. ತಳ್ಳಿ" ಎಂದು ತಾನೇ ಲುಂಗಿ ಎತ್ತಿ ಕಟ್ಟಿದ. ನಾದಿನಿ ಎರಡನೇ ಗೇರಿಗೆ ಹಾಕಿ ಕ್ಲಚ್ಚು ಒತ್ತಿ ಕೂತಳು. ನಾನು, ಹೆಂಡತಿ, ಡ್ರೈವರು, ಹೋಟೆಲಿನ ಇಬ್ಬರು ಹುಡುಗರು ತಳ್ಳಿದೆವು. ಅತ್ತೆ ಹರಿವಾಣ ಹಿಡಿದು, ತೇರಿಗೆ ಆರತಿ ಎತ್ತುವವರಂತೆ ಬದಿಯಲ್ಲಿ ನಿಂತರು.

"ಇಳಿಯೋ ಮಾರಾಯ!" ಎಂದೆ. ಷಡ್ಡಕ ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ: "ಸ್ಕ್ರೀನ್ ಶೇರ್ ಆಗ್ತಿದೆ ಭಾವ." ಅವನ 80 ಕಿಲೋ ಸೇರಿಸಿಯೇ ತಳ್ಳಿದೆವು. ಆಚೆಯವರು ಅದೇನು ಗಲಾಟೆ ಎಂದು ಕೇಳಿರಬೇಕು. "ಟ್ರಾಫಿಕ್, ಟ್ರಾಫಿಕ್" ಎನ್ನುತ್ತಿದ್ದ.

ಮೂರನೇ ಸಲಕ್ಕೆ ಕಾರು ದಡಗುಟ್ಟಿ ಎದ್ದಿತು. ಬೆವರು ಒರೆಸುತ್ತಾ ಹತ್ತಿ ಕೂತು ಅವನ ಹೆಗಲ ಮೇಲಿಂದ ಇಣುಕಿದೆ. ಪರದೆಯ ಮೂಲೆಯಲ್ಲಿ ಚಾರ್ಜು 100 ಎಂದಿತ್ತು. ಅಷ್ಟರಲ್ಲಿ ಅವನ ಕೈ, ತಳ್ಳುವಾಗ ಜಾರಿದ್ದ ಮೂತಿಯನ್ನು ಮತ್ತೆ ತೂತಿಗೆ ಸೇರಿಸಲು ಹೊರಟಿತ್ತು. ನಾದಿನಿ ರಸ್ತೆಯಿಂದ ಕಣ್ಣು ತೆಗೆಯದೆ ಆ ಕೈಗೊಂದು ಕೊಟ್ಟಳು.