ಹದಿನೈದು ಸೆಕೆಂಡಿಗೆ ಒಂದು ರೂಪಾಯಿ

ನಮ್ಮ ಬಡಾವಣೆಯ ಬೇಕರಿಯ ಮಹಡಿಯಲ್ಲಿ ಒಂದು ಸ್ನೂಕರ್ ಪಾರ್ಲರ್ ಇದೆ. ಮೂರು ಟೇಬಲ್ಲು: ಎರಡು ಸ್ನೂಕರಿನವು, ಒಂದು ಪೂಲಿನದು. ಮೆಟ್ಟಿಲು ಹತ್ತುವಾಗ ದಿಲ್‌ಪಸಂದಿನ ವಾಸನೆ, ಹತ್ತಿದ ಮೇಲೆ ಬೆವರು ಮತ್ತು ಚಾಕಿನ ಪುಡಿ. ಮಾರ್ಕರ್ ಹುಡುಗ ಟೇಬಲ್ಲಿನ ಮೇಲಿನ ದೀಪ ಹಾಕಿದ ಕ್ಷಣದಿಂದ ಲೆಕ್ಕ ಶುರು, ನಿಮಿಷಕ್ಕೆ 4 ರೂಪಾಯಿ. ದೀಪ ಆರಿಸಿದರೆ ಲೆಕ್ಕ ಬಂದ್. ಸೋತವನು ದುಡ್ಡು ಕೊಡಬೇಕು. ಈ ಕೊನೆಯ ಕಾಯಿದೆ ಯಾವ ರೂಲ್ ಬುಕ್ಕಿನಲ್ಲೂ ಇಲ್ಲ, ಆದರೆ ನಾನು ಕಂಡ ಯಾವ ಪಾರ್ಲರಿನಲ್ಲೂ ಇದರ ಮೇಲೆ ಅಪೀಲು ಇಲ್ಲ.

ಶನಿವಾರ ಸಂಜೆ ನಾನು ಅಲ್ಲಿ ಆಡುವುದು ನಮ್ಮ ಭಾವನವರ ಜೊತೆ. ಭಾವ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಎದುರಿಗೆ ಅರ್ಧ ಅಡಿ ದೂರದಲ್ಲಿ ಪಾಕೆಟ್ಟಿನ ಬಾಯಲ್ಲೇ ರೆಡ್ ಕೂತಿದ್ದರೂ ಅದನ್ನು ಜಾಮೀನಿಲ್ಲದೆ ನಂಬುವವರಲ್ಲ. ಮೊದಲು ಟೇಬಲ್ಲಿಗೆ ಒಂದು ಪ್ರದಕ್ಷಿಣೆ. ಆಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುವುದು. ಆಮೇಲೆ ಎದ್ದು, ಕನ್ನಡಕ ತೆಗೆದು, ಬನಿಯನ್ನಿನ ಅಂಚಿನಲ್ಲಿ ಒರೆಸಿ ಹಾಕಿಕೊಳ್ಳುವುದು. ಆಮೇಲೆ ಕ್ಯೂ ತುದಿಗೆ ಚಾಕ್ ಉಜ್ಜುವುದು. ಇಷ್ಟೆಲ್ಲ ಆಗಿ ಹೊಡೆದ ಮೇಲೆ ಚೆಂಡು ಪಾಕೆಟ್ಟಿನ ಮೂಲೆಗೆ ತಾಗಿ ವಾಪಸ್ ಬಂದರೆ, 'ಅಡ್ಡಿಯಿಲ್ಲ, ನಿನಗೂ ಸುಲಭವಾಗಿ ಬಿಟ್ಟಿಲ್ಲ' ಎನ್ನುತ್ತಾರೆ. ನಾನೂ ಅವರಿಗಿಂತ ಚುರುಕೇನಲ್ಲ. ನನ್ನ ನಿಧಾನಕ್ಕೆ ಲೆಕ್ಕಾಚಾರ ಕಾರಣವಲ್ಲ, ಭಯ ಕಾರಣ, ಅಷ್ಟೇ ವ್ಯತ್ಯಾಸ.

ಒಂದು ದಿನ ಭಾವನವರ ಮಗ ನಮ್ಮಿಬ್ಬರ ಆಟ ನೋಡಿ ನೋಡಿ ಆಕಳಿಸಿ, ತನ್ನ ಮೊಬೈಲು ನನ್ನ ಮುಂದೆ ಹಿಡಿದ. 'ಮಾಮ, ಸ್ನೂಕರ್ ಅಂದ್ರೆ ಇದು ನೋಡಿ.'

ನೋಡಿದೆ. ಅದು ಸ್ನೂಕರ್ ಶೂಟ್ ಔಟ್. ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನಲ್ಲಿ 2011ರಲ್ಲಿ ಮತ್ತೆ ಜೀವ ಪಡೆದ ಪಂದ್ಯಾವಳಿ. ಇಡೀ ಪಂದ್ಯಕ್ಕೆ ಒಂದೇ ಫ್ರೇಮು, ಆ ಫ್ರೇಮಿಗೆ ಹತ್ತೇ ನಿಮಿಷ. ಮೊದಲ ಐದು ನಿಮಿಷ ಪ್ರತಿ ಹೊಡೆತಕ್ಕೆ 15 ಸೆಕೆಂಡ್, ಆಮೇಲಿನ ಐದು ನಿಮಿಷ 10 ಸೆಕೆಂಡ್. ಗಡಿಯಾರ ಟಿಕ್ ಟಿಕ್ ಎಂದು ಎಚ್ಚರಿಸುತ್ತಿರುತ್ತದೆ. ಸ್ನೂಕರ್ ನೋಡುವವರು ಕೆಮ್ಮಿದರೂ ರೆಫರಿ ತಿರುಗಿ ನೋಡುವ ಕಾಲ ನಾನು ಕಂಡದ್ದು. ಇಲ್ಲಿ ಜನ ಜಾತ್ರೆಯ ಕುಸ್ತಿ ನೋಡಲು ಬಂದವರ ಹಾಗೆ ಕೂಗುತ್ತಿದ್ದರು. 2017ರಿಂದ ಇದು ರ‍್ಯಾಂಕಿಂಗ್ ಪಂದ್ಯಾವಳಿಯೂ ಆಗಿದೆ. ಹತ್ತು ನಿಮಿಷದ ಅದೃಷ್ಟಕ್ಕೆ ರ‍್ಯಾಂಕಿಂಗ್ ಏಕೆ ಎಂದು ಗೊಣಗಿದ ಆಟಗಾರರೂ ಇದ್ದಾರೆ, ಗೊಣಗುತ್ತಲೇ ಹೋಗಿ ಆಡಿದವರೂ ಇದ್ದಾರೆ.

ನನಗೆ ಮೊದಲು ಹೊಳೆದದ್ದು ಆಟವಲ್ಲ, ಲೆಕ್ಕ. ನಮ್ಮ ಪಾರ್ಲರಿನ ದರದಲ್ಲಿ 15 ಸೆಕೆಂಡಿಗೆ ಸರಿಯಾಗಿ ಒಂದು ರೂಪಾಯಿ. ಇಡೀ ಪಂದ್ಯಕ್ಕೆ 40 ರೂಪಾಯಿ! ಭಾವ ಕನ್ನಡಕ ಒರೆಸುವುದಕ್ಕೇ ವಾರಕ್ಕೆ ಅಷ್ಟು ಖರ್ಚಾಗುತ್ತದೆ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಸ್ನೂಕರಿನ ಚರಿತ್ರೆಯನ್ನೆಲ್ಲ ರೂಪಾಯಿಯಲ್ಲಿ ಓದುತ್ತೇನೆ. ರಾನಿ ಒಸಲಿವನ್ 1997ರಲ್ಲಿ ಬಾರಿಸಿದ 147ರ ಬ್ರೇಕಿಗೆ (ಒಂದೇ ಸರದಿಯಲ್ಲಿ ಗಳಿಸಿದ ಅಂಕವೇ ಬ್ರೇಕು) ಹಿಡಿದದ್ದು 5 ನಿಮಿಷ ಚಿಲ್ಲರೆ ಸೆಕೆಂಡು. ಅಂದರೆ ನಮ್ಮಲ್ಲಿ ಸುಮಾರು 20 ರೂಪಾಯಿ, ಒಂದು ಮಸಾಲೆ ದೋಸೆಗೂ ಸಾಲದ ದುಡ್ಡು. ಅದೇ ರಾನಿಯ ಎದುರು 2005ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೀಟರ್ ಎಬ್ಡನ್ ಬರೀ 12 ಅಂಕದ ಒಂದು ಬ್ರೇಕಿಗೆ 5 ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು. ಒಬ್ಬರಿಗೆ 20 ರೂಪಾಯಿಗೆ 147, ಇನ್ನೊಬ್ಬರಿಗೆ ಅದೇ ದುಡ್ಡಿಗೆ 12. ಕಾದು ಕಾದು ಸುಸ್ತಾದ ರಾನಿ ಪ್ರೇಕ್ಷಕರೊಬ್ಬರ ಹತ್ತಿರ ಟೈಮೆಷ್ಟು ಎಂದು ಕೇಳಿದರಂತೆ. ಕೊನೆಗೆ ಗೆದ್ದದ್ದು ಎಬ್ಡನ್. ಈ ಸಂಗತಿಯನ್ನು ನಾನು ಭಾವನಿಗೆ ಹೇಳಬಾರದಿತ್ತು. ಹೇಳಿದ ಮೇಲೆ ಅವರ ಪ್ರದಕ್ಷಿಣೆ ಒಂದರಿಂದ ಎರಡಾಗಿದೆ.

ಇನ್ನು 2017ರ ಏಪ್ರಿಲ್‌ನಲ್ಲಿ ಫರ್ಗಲ್ ಓಬ್ರಿಯನ್ ಮತ್ತು ಡೇವಿಡ್ ಗಿಲ್ಬರ್ಟ್ ಆಡಿದ ಒಂದು ಫ್ರೇಮು 123 ನಿಮಿಷ 41 ಸೆಕೆಂಡ್ ಎಳೆಯಿತು. ನಮ್ಮ ಮಾರ್ಕರ್ ಅದಕ್ಕೆ ಐನೂರಕ್ಕೆ ಐದು ರೂಪಾಯಿ ಕಡಿಮೆ ಬಿಲ್ಲು ಮಾಡುತ್ತಿದ್ದ, ಚಿಲ್ಲರೆ ಇಲ್ಲವೆಂದು ಪೂರ್ತಿ ಐನೂರೇ ಇಟ್ಟುಕೊಳ್ಳುತ್ತಿದ್ದ. ಅದಕ್ಕಿಂತ ಹಿಂದೆ ಹೋದರೆ ಲೆಕ್ಕ ನನ್ನ ಕೈ ಮೀರುತ್ತದೆ. 1946ರ ವಿಶ್ವ ಫೈನಲ್ಲಿನಲ್ಲಿ ಜೋ ಡೇವಿಸ್ ಮತ್ತು ಹೊರೇಸ್ ಲಿಂಡ್ರಮ್ 145 ಫ್ರೇಮು ಆಡಿದರು. ಅದನ್ನು ಕಟ್ಟಲು ಭಾವನವರ ಬ್ಯಾಂಕಿನಲ್ಲೇ ಸಾಲ ತೆಗೆಯಬೇಕಾಗುತ್ತಿತ್ತು.

ಈ ಆಟ ನಿಧಾನವಾದದ್ದರಲ್ಲಿ ಅಚ್ಚರಿಯೇನೂ ಇಲ್ಲ, ಅದು ಹುಟ್ಟಿದ ಗಳಿಗೆಯೇ ಅಂಥದ್ದು. 1875ರಲ್ಲಿ ಜಬಲ್ಪುರದಲ್ಲಿ ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಮೆಸ್ಸಿನಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿಗಳು ಹೊತ್ತು ಕಳೆಯಲು ಕಟ್ಟಿದ ಆಟ ಇದು. ಅವರಲ್ಲೊಬ್ಬ ನೆವಿಲ್ ಚೇಂಬರ್ಲೇನ್, ಮುಂದೆ ಪ್ರಧಾನಿಯಾದವನಲ್ಲ, ಬೇರೆ. ಹೊಸದಾಗಿ ಸೇರಿದ ಕೆಡೆಟ್ಟುಗಳನ್ನು ವುಲಿಚ್ಚಿನ ಸೇನಾ ಅಕಾಡೆಮಿಯಲ್ಲಿ ಹೀಯಾಳಿಸಿ 'ಸ್ನೂಕರ್' ಎನ್ನುತ್ತಿದ್ದರು. ಸುಲಭದ ಚೆಂಡು ತಪ್ಪಿಸಿದ ಒಬ್ಬನಿಗೆ ಚೇಂಬರ್ಲೇನ್ ಆ ಬಿರುದು ಕೊಟ್ಟನಂತೆ, ಅದೇ ಆಟದ ಹೆಸರಾಯಿತು. ಹಾಗೆ ನೋಡಿದರೆ ನಾನು ಸ್ನೂಕರ್ ಆಡುವುದಷ್ಟೇ ಅಲ್ಲ, ನಾನೇ ಸ್ನೂಕರ್. ನಿಯಮಗಳು ಕಾಗದಕ್ಕಿಳಿದು ಗೋಡೆಗೆ ಹತ್ತಿದ್ದು 1882ರಲ್ಲಿ, ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಊಟಿ. ನಮ್ಮವರು ಅಲ್ಲಿಗೆ ಹೋಗಿ ಸ್ವೆಟರ್, ವರ್ಕಿ, ನೀಲಗಿರಿ ಎಣ್ಣೆ ತರುತ್ತಾರೆ. ಸ್ನೂಕರ್ ಅಲ್ಲಿಂದ ಬಂದದ್ದು ಎಂದರೆ ನಂಬುವುದಿಲ್ಲ.

ಇದರಲ್ಲಿ ಒಂದು ಸಣ್ಣ ವಿಷಯ ಅಡಗಿದೆ. ಆ ಅಧಿಕಾರಿಗಳು ಬಣ್ಣದ ಚೆಂಡು ಸೇರಿಸುತ್ತ ಹೋದದ್ದು ಅಂದಿನ ಪೂಲ್ ಆಟಗಳಿಗೇ. ಎಲ್ಲರೂ ಪಣದ ದುಡ್ಡು ಒಟ್ಟು ಹಾಕಿ ಆಡುತ್ತಿದ್ದುದರಿಂದ ಅವುಗಳಿಗೆ ಪೂಲ್ ಎಂಬ ಹೆಸರು. ಅಂದರೆ ಪೂಲ್ ಸ್ನೂಕರಿನ ತವರುಮನೆ. ಮಗಳು ದೊಡ್ಡ ಮನೆ ಸೇರಿ, ವೇಸ್ಟ್‌ಕೋಟು, ಬೋ ಟೈ ಕಲಿತು ತವರನ್ನು ಮರೆತಳು, ಅಷ್ಟೆ.

ನಮ್ಮ ಪಾರ್ಲರಿನಲ್ಲಿ ತವರುಮನೆ ಕಿಟಕಿಯ ಪಕ್ಕ ಇದೆ. ಕಾಲೇಜು ಹುಡುಗರ ಗದ್ದಲ ಅಲ್ಲೇ. ಭಾವನವರ ಮಗ ನನ್ನನ್ನು ಒಮ್ಮೆ ಅಲ್ಲಿಗೆ ಎಳೆದುಕೊಂಡು ಹೋದ. ಸ್ನೂಕರ್ ಟೇಬಲ್ಲು 12 ಅಡಿ ಉದ್ದ, ದೊಡ್ಡ ಪೂಲ್ ಟೇಬಲ್ಲೇ 9 ಅಡಿ. ಚೆಂಡು ಮಾತ್ರ ಅಲ್ಲಿ ದಪ್ಪ, 57 ಮಿಲಿಮೀಟರು. ನಮ್ಮದು 52.5. ಪಾಕೆಟ್ಟುಗಳೂ ಉದಾರ. ಸ್ನೂಕರಿನ ಪಾಕೆಟ್ಟಿನ ಬಾಯಿ ಒಳಕ್ಕೆ ದುಂಡಗೆ ತಿರುಗಿದೆ, ಸ್ವಲ್ಪ ತಪ್ಪಿದರೂ ಚೆಂಡನ್ನು ಗಡಗಡ ಅಲುಗಾಡಿಸಿ ಉಗುಳುತ್ತದೆ. ಪೂಲಿನದು ನೇರ ಕತ್ತರಿಸಿದ ಅಗಲ ಬಾಯಿ, ಮದುವೆ ಮನೆಯ ಹಾಗೆ ಬಂದವರನ್ನೆಲ್ಲ ಒಳಗೆ ಕರೆಯುತ್ತದೆ.

ಎಯ್ಟ್ ಬಾಲ್ ಎಂದರೆ ನಮ್ಮ ಕೇರಂ ಬೋರ್ಡಿನ ದಾಯಾದಿ. 1ರಿಂದ 7ರವರೆಗೆ ಒಬ್ಬರದು, 9ರಿಂದ 15ರವರೆಗಿನ ಪಟ್ಟೆಯವು ಇನ್ನೊಬ್ಬರದು. ಬಿಳಿ ಕಾಯಿ ನಿನ್ನದು, ಕಪ್ಪು ಕಾಯಿ ನನ್ನದು ಎಂದ ಹಾಗೆ. ಮನೆ ಪಾಲಾಗಿ, ಗೋಡೆ ಎದ್ದು, ಯಾರ ಪಾತ್ರೆ ಯಾರದೆಂದು ಹೆಸರು ಕೊರೆಸಿದ ಮೇಲಿನ ಸಂಸಾರ ಅದು. ಸ್ನೂಕರು ಅವಿಭಕ್ತ ಕುಟುಂಬ. ಹದಿನೈದು ರೆಡ್ಡೂ ಇಬ್ಬರದೂ, ಆರು ಬಣ್ಣವೂ ಇಬ್ಬರದೂ. ಯಾರ ಕೈ ಮೊದಲು ಹೋಯಿತೋ ಅವರಿಗೆ. ಉಳಿದವರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಹೊಟ್ಟೆಕಿಚ್ಚನ್ನು ಮುಖದಲ್ಲಿ ತೋರಿಸದೆ ಕಾಯಬೇಕು. ಅದಕ್ಕೇ ಅದರಲ್ಲಿ ಅಷ್ಟು ರಾಜಕೀಯ. ತಾನು ತಿನ್ನಲಾಗದಿದ್ದರೆ ಇನ್ನೊಬ್ಬನಿಗೂ ಸಿಗದಂತೆ ಡಬ್ಬಿಯನ್ನು ಅಟ್ಟದ ಮೇಲಿಡುವ ವಿದ್ಯೆಗೇ ಸ್ನೂಕರಿನಲ್ಲಿ ಸೇಫ್ಟಿ ಎನ್ನುವುದು. ಭಾವ ಅದರಲ್ಲಿ ಪಂಡಿತರು.

ನೈನ್ ಬಾಲ್ ಇನ್ನೂ ಅನ್ಯಾಯ. ಚಿಕ್ಕ ನಂಬರಿನ ಚೆಂಡಿಗೆ ಮೊದಲು ತಾಗಿಸುತ್ತ ಹೋಗಬೇಕು, ಒಂಬತ್ತನೆಯದನ್ನು ಹಾಕಿದವನಿಗೆ ಆಟ. ನಾನು ಬೆವರು ಸುರಿಸಿ ಏಳು ಚೆಂಡು ಹಾಕಿದೆ. ಎಂಟನೆಯದು ತಪ್ಪಿತು. ಹುಡುಗ ಬಂದ, ಎಂಟು, ಒಂಬತ್ತು, ಪಟಪಟ. ಹೂರಣ ರುಬ್ಬಿದ್ದು, ಕಣಕ ನಾದಿದ್ದು ನಾನು, ಹೋಳಿಗೆಗೆ ತುಪ್ಪ ಹಾಕಿಕೊಂಡು ತಿಂದದ್ದು ಅವನು. 'ರೂಲ್ಸು ಮಾಮ' ಎಂದ.

ಆದರೂ ಒಂದು ಮಾತು ಒಪ್ಪಬೇಕು. ಸ್ನೂಕರಿಗೆ ಅವಸರ ಬಂದಾಗಲೆಲ್ಲ ಅದು ಓಡಿದ್ದು ಇದೇ ತವರಿಗೆ. ಶೂಟ್ ಔಟ್ ನಿಯಮ ನೋಡಿ. ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಟೇಬಲ್ಲಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಇದು ಪೂಲಿನದು. ಪ್ರತಿ ಹೊಡೆತದಲ್ಲೂ ಒಂದು ಚೆಂಡಾದರೂ ಪಾಕೆಟ್ಟಿಗೆ ಬೀಳಬೇಕು ಅಥವಾ ಕುಶನ್ನಿಗೆ ತಾಗಬೇಕು, ಇದೂ ಪೂಲಿನದೇ. 2010ರಲ್ಲಿ ಲಂಡನ್ನಿನಲ್ಲಿ ಪವರ್ ಸ್ನೂಕರ್ ಎಂದು ಒಂದನ್ನು ತಂದರು. ಒಂಬತ್ತೇ ರೆಡ್ಡು, ಜೋಡಿಸಿದ್ದೂ ನೈನ್ ಬಾಲಿನ ಹಾಗೆ ವಜ್ರದಾಕಾರದಲ್ಲಿ. ರಾನಿಯೇ ಗೆದ್ದರು. ಮರುವರ್ಷ ಇನ್ನೊಮ್ಮೆ ಆಡಿಸಿ ಕೈ ಬಿಟ್ಟರು. ನನಗೇನೂ ಬೇಸರವಾಗಲಿಲ್ಲ.

ಸಿಕ್ಸ್ ರೆಡ್ ಮಾತ್ರ ಉಳಿದಿದೆ, ಉಳಿಯುವಂಥದ್ದೂ ಹೌದು. ಆರೇ ರೆಡ್ಡು, ಹೆಚ್ಚೆಂದರೆ 75ರ ಬ್ರೇಕು. ಆಟ ಅದೇ, ಸೇಫ್ಟಿ ಅದೇ, ಊಟ ಮಾತ್ರ ಮಿನಿ ಮೀಲ್ಸು. ಇದನ್ನು ನಾನು ಬೈಯಲು ಹೋದಾಗ ಭಾವ ತಡೆದರು. 'ಸುಮ್ನಿರು, ನಮ್ಮ ಬೆಂಗಳೂರು ಹುಡುಗ ಅದರಲ್ಲಿ ಎರಡು ಸಲ ವರ್ಲ್ಡ್ ಚಾಂಪಿಯನ್.' ನಿಜ. ಪಂಕಜ್ ಆಡ್ವಾಣಿ 2014ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ, 2015ರಲ್ಲಿ ಕರಾಚಿಯಲ್ಲಿ ಸಿಕ್ಸ್ ರೆಡ್ ವಿಶ್ವ ಪ್ರಶಸ್ತಿ ಗೆದ್ದರು. ಹದಿನೈದು ರೆಡ್ಡಿನ ಹವ್ಯಾಸಿ ವಿಶ್ವ ಪ್ರಶಸ್ತಿ 2003ರಲ್ಲೇ ಅವರ ಕೈಲಿತ್ತು. ಅಂಥವರಿಗೆ ಗಡಿಯಾರ ಉದ್ದವಿದ್ದರೂ ಒಂದೇ, ಗಿಡ್ಡವಿದ್ದರೂ ಒಂದೇ. ಗಡಿಯಾರದ ಕಷ್ಟವೆಲ್ಲ ನಮ್ಮಂಥವರಿಗೆ.

ಈಗ ಒಂದು ಶನಿವಾರದ ವಿಷಯ. ರಾತ್ರಿ 8.10ಕ್ಕೆ ದೀಪ ಹತ್ತಿತು. 9.30ಕ್ಕೆ ಕೊನೆಯ ಬ್ಲ್ಯಾಕ್ ಬಿದ್ದಾಗ ಬೋರ್ಡು 46–46. ನನ್ನ 46ರಲ್ಲಿ 28 ಭಾವನವರ ಫೌಲುಗಳಿಂದ ದಾನವಾಗಿ ಬಂದದ್ದು. ಅವರದರಲ್ಲಿ ನನ್ನ ದಾನ ಎಷ್ಟೆಂದು ಹೇಳುವುದಿಲ್ಲ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಪೂಲಿನಲ್ಲಿ ಈ ಫಜೀತಿಯೇ ಇಲ್ಲ. ಅಲ್ಲಿ ಅಂಕ ಕೂಡಿಸುವುದಿಲ್ಲ, ಕೊನೆಯ ಚೆಂಡು ಹಾಕಿದವನು ಗೆದ್ದ, ಮುಗಿಯಿತು. ಸ್ನೂಕರಿನಲ್ಲಿ ಸಮವಾದರೆ ಬ್ಲ್ಯಾಕನ್ನು ಮತ್ತೆ ಅದರ ಸ್ಪಾಟಿನ ಮೇಲೆ ಕೂರಿಸಬೇಕು. ನಾಣ್ಯ ಚಿಮ್ಮಿ, ಗೆದ್ದವನು ಯಾರು ಮೊದಲು ಹೊಡೆಯಬೇಕೆಂದು ಹೇಳುತ್ತಾನೆ. ಬಿಳಿ ಚೆಂಡು ಡಿ ಎಂಬ ಅರ್ಧವೃತ್ತದ ಒಳಗಿನಿಂದ. ಮೊದಲು ಬ್ಲ್ಯಾಕ್ ಹಾಕಿದವನಿಗೆ ಫ್ರೇಮು, ಮೊದಲು ಫೌಲ್ ಮಾಡಿದವನಿಗೆ ಸೋಲು.

ಟಾಸು ಗೆದ್ದ ಭಾವ, 'ನೀನೇ ಹೊಡಿಯಪ್ಪ, ಚಿಕ್ಕವನು' ಎಂದರು. ಔದಾರ್ಯವಲ್ಲ ಅದು. ಡಿಯಿಂದ ಬ್ಲ್ಯಾಕ್ ಎಂಟಡಿ ದೂರ, ಮೊದಲು ಹೊಡೆಯುವವನು ಸಿಕ್ಕಿಬಿದ್ದ ಹಾಗೆಯೇ. ನಾನು ಹಾಕಲು ಹೋಗಲಿಲ್ಲ, ಬ್ಲ್ಯಾಕನ್ನು ಮೆತ್ತಗೆ ಕುಶನ್ನಿಗೆ ಒತ್ತಿದೆ. ಅವರು ಅದನ್ನು ಈ ತುದಿಗೆ ಕಳಿಸಿದರು. ನಾನು ಆ ತುದಿಗೆ. ಅವರು ಈ ತುದಿಗೆ. ಬ್ಲ್ಯಾಕು ಸರ್ಕಾರಿ ಕಚೇರಿಯ ಫೈಲಿನ ಹಾಗೆ ಮೇಜಿನಿಂದ ಮೇಜಿಗೆ 22 ನಿಮಿಷ ಓಡಾಡಿತು. 88 ರೂಪಾಯಿ. ಪೂಲ್ ಟೇಬಲ್ಲಿನ ಹುಡುಗರೆಲ್ಲ ಆಟ ಬಿಟ್ಟು ಬಂದು ಸುತ್ತ ನಿಂತರು.

'ಸಾರ್, ಹತ್ತಕ್ಕೆ ಬಾಗ್ಲು ಹಾಕ್ಬೇಕು' ಎಂದ ಮಾರ್ಕರ್.

ಆಗ ಭಾವನವರ ಮಗ ಶೂಟ್ ಔಟಿನ ಮದ್ದು ಹೇಳಿದ. ಅಲ್ಲಿ ಹತ್ತು ನಿಮಿಷದ ಕೊನೆಗೆ ಅಂಕ ಸಮವಾದರೆ ಬ್ಲೂ ಮಾತ್ರ ಉಳಿಸಿ, ಇಬ್ಬರೂ ಒಂದೊಂದೇ ಸಲ ಡಿಯಿಂದ ಹೊಡೆಯುತ್ತಾರಂತೆ, ಫುಟ್‌ಬಾಲಿನ ಪೆನಾಲ್ಟಿಯ ಹಾಗೆ. ಒಬ್ಬರು ಹಾಕಿ ಇನ್ನೊಬ್ಬರು ತಪ್ಪಿಸುವವರೆಗೆ. ಬ್ಲೂ ಟೇಬಲ್ಲಿನ ನಡುಮಧ್ಯ, ಡಿ ಗೆರೆಯಿಂದ ಮೂರೂವರೆ ಅಡಿ. 'ಒಂದು ನಿಮಿಷದ ಕೆಲಸ ಮಾಮ.'

ನಾನು ತಪ್ಪಿಸಿದೆ. ಭಾವ ತಪ್ಪಿಸಿದರು. ನಾನು ತಪ್ಪಿಸಿದೆ. ಭಾವ ಕನ್ನಡಕ ಒರೆಸಿ ತಪ್ಪಿಸಿದರು. ಐದೈದು ಆಯಿತು. ಆರನೆಯದನ್ನೂ ನಾನು ತಪ್ಪಿಸಿದೆ. ಭಾವನವರ ಆರನೆಯ ಹೊಡೆತಕ್ಕೆ ಬ್ಲೂ ಮೂಲೆಯ ಪಾಕೆಟ್ಟಿಗೆ ಕ್ಲೀನಾಗಿ ಬಿತ್ತು. ಹುಡುಗರು ಶಿಳ್ಳೆ ಹೊಡೆದರು. ಭಾವ ಕ್ಯೂ ಮೇಲೆತ್ತಿದರು. ಅದೇ ಹೊತ್ತಿಗೆ ಬಿಳಿ ಚೆಂಡು ಬ್ಲೂ ಹಿಂದೆಯೇ, ಏನೂ ಆತುರವಿಲ್ಲದೆ, ಭಾವನವರದೇ ನಡಿಗೆಯಲ್ಲಿ ಹೋಗಿ ಅದೇ ಪಾಕೆಟ್ಟಿಗೆ ಇಳಿಯಿತು.

ಫೌಲು ಎಂದೆ. ಬ್ಲೂ ಬಿದ್ದಿದೆಯಲ್ಲ ಎಂದರು ಭಾವ. ಫೌಲಾದ್ರೆ ಮಾಮಂಗೆ ಐದು ಪಾಯಿಂಟ್ ಎಂದ ಒಬ್ಬ ಹುಡುಗ. ಇಲ್ಲ, ಬರೀ ಮಿಸ್ ಅಂತ ಲೆಕ್ಕ ಎಂದ ಇನ್ನೊಬ್ಬ. ಮಾತು ಬೆಳೆಯುತ್ತಿದ್ದಾಗಲೇ ಮಾರ್ಕರ್ ದೀಪ ಆರಿಸಿದ.

ಒಟ್ಟು 110 ನಿಮಿಷ, 440 ರೂಪಾಯಿ. ಸೋತವರು ಯಾರೂ ಇಲ್ಲದ್ದರಿಂದ ತಲಾ 220. ಭಾವನ ಹತ್ತಿರ 200ರ ಒಂದೇ ನೋಟಿತ್ತು. ಉಳಿದ 20 ರೂಪಾಯಿಯನ್ನು ಯಾವ ಜಾಮೀನೂ ಕೇಳದೆ ನಾನೇ ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.